ಉಮ್ಮನಿಗೆಂದು ತಂದ ಪಂಪು

ಕಳೆದ ತಿಂಗಳು ಹಂಪನಕಟ್ಟೆಯಿಂದ ಜೆಪ್ಪು ಕಡೆ ಹೋಗುವ ಬಸ್ಸಿನಲ್ಲಿ ನನ್ನ ಪಕ್ಕ ಒಬ್ಬಳು ಕಾಲೇಜು ಹುಡುಗಿ ಕುಳಿತಿದ್ದಳು. ಮೊಬೈಲಿನಲ್ಲಿ ಯಾರೊಂದಿಗೋ ಜಗಳವಾಡುತ್ತಿದ್ದವಳು ನಡುವೆ ಕೆಮ್ಮಿದಳು. “ಒಂದು ನಿಮಿಷ, ಫೋನ್ ಇಡಬೇಡ” ಎಂದು ಹೇಳಿ ಚೀಲದಿಂದ ನೀಲಿ ಬಣ್ಣದ ಇನ್‌ಹೇಲರ್ ತೆಗೆದಳು. ಅಲ್ಲಾಡಿಸಿದಳು, ಉಸಿರನ್ನು ಹೊರಗೆ ಬಿಟ್ಟಳು, ಬಾಯಿಗಿಟ್ಟು ಒತ್ತುತ್ತ ಒಳಗೆಳೆದುಕೊಂಡಳು, ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಹಾಗೇ ಇದ್ದಳು. ಆಮೇಲೆ ಜಗಳವನ್ನು ಬಿಟ್ಟಲ್ಲಿಂದ ಮುಂದುವರಿಸಿದಳು. ಬಸ್ಸಿನಲ್ಲಿ ಒಬ್ಬರೂ ತಿರುಗಿ ನೋಡಲಿಲ್ಲ. ನಾನು ಮಾತ್ರ ಕಣ್ಣು ಕೀಳದೆ ನೋಡುತ್ತಿದ್ದೆ. ಮದ್ದಿನ ತೆಳ್ಳಗಿನ ವಾಸನೆಯೊಂದು ನನ್ನ ಮೂಗಿಗೂ ಬಂತು.

“ಎಂತ ಅಜ್ಜಿ?” ಎಂದಳು ಹುಡುಗಿ.

“ಎಂತ ಇಲ್ಲ ಮಗಾ. ಚಂದ ಎಳ್ಕೊಂಡೆ ನೀನು.”

ಅವಳಿಗೆ ನಗು ಬಂತು. ಮುದುಕಿಗೆ ಸ್ವಲ್ಪ ಅರಳುಮರಳು ಎಂದುಕೊಂಡಿರಬೇಕು. ಈ ಕೆಲಸ ಕಲಿಯಲಿಕ್ಕೆ ಬೋಳಾರದ ನಮ್ಮ ಮನೆಗೆ ಒಂದಿಡೀ ಮಳೆಗಾಲ ಬೇಕಾಯಿತು ಎಂದು ಅವಳಿಗೆ ಹೇಗೆ ಗೊತ್ತಾಗಬೇಕು?

ನನಗೆ ಮದುವೆಯಾದದ್ದು ಅರವತ್ತನಾಲ್ಕರ ಬೇಸಿಗೆಯಲ್ಲಿ. ಎಸ್ಸೆಸ್ಸೆಲ್ಸಿ ಪಾಸಾದ ಸೊಸೆ ಎಂದು ಗಂಡನ ಮನೆಯವರಿಗೆ ನನ್ನ ಮೇಲೆ ಸ್ವಲ್ಪ ಹೆಮ್ಮೆ, ಸ್ವಲ್ಪ ಭಯ. ಮಾವ ನದಿಯ ಹತ್ತಿರದ ಒಂದು ಸಣ್ಣ ಗಣಪತಿ ಗುಡಿಯ ಅರ್ಚಕರು. ನಾವಿದ್ದ ಮನೆಯೂ ಗುಡಿಗೆ ಸೇರಿದ್ದು. ಅಂಗಳ ದಾಟಿದರೆ ಗುಡಿಯ ಬಾಗಿಲು. ನಮ್ಮವರಿಗೆ ಹಂಪನಕಟ್ಟೆಯ ಬಳಿ ಗುಮಾಸ್ತಿಕೆ. ಬೆಳಿಗ್ಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುವುದು. ಹಗಲಿಡೀ ಮನೆಯಲ್ಲಿ ಮಾವ, ಅತ್ತೆ, ನಾನು ಮೂವರೇ. ಮನೆಯ ಮಾತೆಲ್ಲ ತುಳು. ಬರೆಯುವುದು ಕನ್ನಡದಲ್ಲಾದ್ದರಿಂದ ಅವರ ಬಾಯಲ್ಲಿ ಕನ್ನಡ ಆಡಿಸುತ್ತಿದ್ದೇನೆ, ಅಷ್ಟೆ.

ಮದುವೆಗೆ ಮುಂಚೆ ನಮಗೆ ಯಾರೂ ಹೇಳದಿದ್ದ ಸಂಗತಿ ಎಂದರೆ ಮಾವನ ಉಬ್ಬಸ. ಮದುವೆಯಾದದ್ದು ಬಿಸಿಲಿನ ದಿನಗಳಲ್ಲಿ, ಆಗ ಅವರು ಗಟ್ಟಿಯಾಗಿಯೇ ಇದ್ದರು. ಮೊದಲ ಮಳೆ ಬಿದ್ದು ಗೋಡೆಗಳು ಬೆವರತೊಡಗಿದ ಮೇಲೆ ಶುರುವಾಯಿತು. ನಸುಕಿಗೆ ಬಾವಿಕಟ್ಟೆಯಲ್ಲಿ ತಣ್ಣೀರು ಸುರಿದುಕೊಂಡು ಮಡಿಯುಟ್ಟು ಬರುವಷ್ಟರಲ್ಲಿ ಅವರ ಎದೆಯೊಳಗೆ ಬೆಕ್ಕಿನ ಮರಿಗಳು ಕೂತು ಕೂಗಿದ ಹಾಗೆ ಶಬ್ದ. ಎರಡು ಕೈಯನ್ನೂ ಮೊಣಕಾಲಿಗೆ ಊರಿ, ಹೆಗಲನ್ನು ಕಿವಿಯವರೆಗೆ ಎತ್ತಿ, ಬಾಯಿ ತೆರೆದು ಉಸಿರು ಎಳೆಯುತ್ತಿದ್ದರು. ಎಳೆದದ್ದು ಹೊರಗೆ ಹೋಗಲಿಕ್ಕೆ ಎಳೆಯುವುದಕ್ಕಿಂತ ಹೆಚ್ಚು ಹೊತ್ತು ಬೇಕಾಗುತ್ತಿತ್ತು. ಅತ್ತೆ ಆಡುಸೋಗೆಯ ಕಷಾಯ ಕಾಯಿಸುವರು, ಬೆನ್ನಿಗೆ ಬಿಸಿ ಎಣ್ಣೆ ತಿಕ್ಕುವರು. ಜೆಪ್ಪಿನ ಡಾಕ್ಟರು ಕೊಟ್ಟ ಮಾತ್ರೆ ನುಂಗಿದರೆ ಉಸಿರು ಒಂದಿಷ್ಟು ಸಡಿಲವಾಗುತ್ತಿತ್ತು, ಆದರೆ ಕೈ ನಡುಗಿ ಉದ್ಧರಣೆಯ ನೀರು ಚೆಲ್ಲುತ್ತಿತ್ತು. ತೀರಾ ಜೋರಾದ ದಿನ ಡಾಕ್ಟರೇ ಬಂದು ರಕ್ತನಾಳಕ್ಕೆ ನಿಧಾನವಾಗಿ ಸೂಜಿಮದ್ದು ಕೊಡಬೇಕು.

ಗುಡಿಯ ಆಡಳಿತ ನೋಡುವ ಮೊಕ್ತೇಸರರು ಕೆಟ್ಟವರಲ್ಲ. ಆದರೂ ಒಂದು ದಿನ ಜಗಲಿಯಲ್ಲಿ ಕುಳಿತು, “ಭಟ್ರೇ, ಮಳೆ ಮುಗಿಯುವವರೆಗೆ ಉಡುಪಿ ಕಡೆಯ ಒಬ್ಬರನ್ನು ಕರೆಸುವ ಅಲ್ವಾ? ನಿಮಗೂ ರೆಸ್ಟ್ ಸಿಗ್ತದೆ” ಎಂದರು. ಅವರು ಎದ್ದು ಹೋದ ಮೇಲೆ ಅತ್ತೆ ಒಳಗೆ ಬಂದು ನನ್ನಲ್ಲಿ, “ಬಂದವರು ಮಳೆ ಮುಗಿದ ಮೇಲೆ ವಾಪಸು ಹೋಗ್ತಾರಾ ಸುಮತೀ? ಈ ಮನೆಯನ್ನೂ ಬಿಡಬೇಕಾಗ್ತದೆ” ಎಂದರು. ಅತ್ತೆಯ ಕಣ್ಣಲ್ಲಿ ನೀರು ನೋಡಿದ್ದು ಅದೇ ಮೊದಲು.

ನಮ್ಮ ಮನೆಯ ಎದುರಿಗೆ, ಓಣಿಯ ಆಚೆ, ಇದಿನಬ್ಬ ಬ್ಯಾರಿಗಳ ಅಂಗಡಿ ಮತ್ತು ಮನೆ. ತೆಂಗಿನ ನಾರಿನ ಹಗ್ಗದ ವ್ಯಾಪಾರ. ನದಿಯಾಚೆ ಬೆಂಗ್ರೆಯ ದೋಣಿಯವರೆಲ್ಲ ಅವರ ಗಿರಾಕಿಗಳು. ನಾರಿನ ಕಟ್ಟುಗಳನ್ನು ಅಂಗಡಿಯ ಮುಂದೆ ಬಡಿದು ಕೊಡವಿ ಒಳಗೆ ಪೇರಿಸುತ್ತಿದ್ದರು. ತೆಳ್ಳಗಿನ ಆಳು, ಮಾತು ಕಡಿಮೆ. ಒಂದು ಸಂಜೆ ಮಳೆ ಹೊಳವಾಗಿದ್ದಾಗ ಕೈಯಲ್ಲಿ ಒಂದು ಸಣ್ಣ ಪೆಟ್ಟಿಗೆ ಹಿಡಿದುಕೊಂಡು ನಮ್ಮ ಅಂಗಳಕ್ಕೆ ಬಂದರು.

“ಭಟ್ರೇ, ಒಂದು ವಸ್ತು ತಂದಿದ್ದೇನೆ. ಬೇಡ ಅಂತ ಹೇಳಬಾರದು.”

“ಎಂತ ಅದು ಇದಿನಬ್ಬಾ?”

“ದಮ್ಮಿನ ಮದ್ದಿನ ಪಂಪು. ತಮ್ಮ ಬಹರೈನಿನಲ್ಲಿ ಇದ್ದಾನಲ್ಲ, ಅವನು ಉಮ್ಮನಿಗೆ ಅಂತ ತಂದದ್ದು. ಅವನು ಬೊಂಬಾಯಿಯಲ್ಲಿ ಹಡಗು ಇಳಿಯುವಾಗ ಇಲ್ಲಿ ಉಮ್ಮನನ್ನು ಮಣ್ಣು ಮಾಡಿ ಆಗಿತ್ತು.”

ಅವರ ತಾಯಿ ತೀರಿಹೋದದ್ದು ನನ್ನ ಮದುವೆಗೆ ಸ್ವಲ್ಪ ಮೊದಲು. ಆ ತಾಯಿಗೂ ಮಾವನ ಹಾಗೆಯೇ ಉಬ್ಬಸ ಇತ್ತೆಂದು ನನಗೆ ಗೊತ್ತಾದದ್ದು ಆ ಹೊತ್ತಿಗೆ.

“ಒಡೆದೂ ನೋಡಲಿಲ್ಲ ಭಟ್ರೇ. ಹಾಗೇ ಉಂಟು. ಬೆಳಿಗ್ಗೆ ಬೆಳಿಗ್ಗೆ ನಿಮ್ಮ ಉಸಿರಿನ ಶಬ್ದ ನಮ್ಮ ಮನೆಗೆ ಕೇಳ್ತದೆ. ಕಣ್ಣು ಮುಚ್ಚಿ ಕೇಳಿದರೆ ಉಮ್ಮನದ್ದೇ.”

ಮಾವ ಪೆಟ್ಟಿಗೆಯನ್ನು ಜಗಲಿಯ ಮೇಲೆ ಇಡಿಸಿ ನನ್ನನ್ನು ಕರೆದರು. ನಾನು ಬಾಗಿಲ ಮರೆಯಲ್ಲಿ ನಿಂತು ಬಿಚ್ಚಿದೆ. ಒಳಗೆ ಬೆರಳುದ್ದದ ಲೋಹದ ಡಬ್ಬಿ, ಅದನ್ನು ಕೂರಿಸಲಿಕ್ಕೆ ಬಾಗಿದ ಮೂತಿಯ ಪ್ಲಾಸ್ಟಿಕ್ಕಿನ ಗೂಡು, ಮಡಿಸಿದ ಇಂಗ್ಲಿಷ್ ಕಾಗದ. ಶಾಲೆ ಬಿಟ್ಟ ಮೇಲೆ ನಾನು ಇಂಗ್ಲಿಷ್ ಓದಿದ್ದು ಅಂದೇ. ಒಂದೊಂದೇ ಸಾಲು ಹೇಳುತ್ತ ಹೋದೆ. ಅಲ್ಲಾಡಿಸಬೇಕು, ಬಾಯಿಗಿಡಬೇಕು, ಒತ್ತಬೇಕು. ಮದ್ದು ಆಲ್ಕೋಹಾಲಿನಲ್ಲಿ ಕರಗಿದೆ ಎಂಬಲ್ಲಿಗೆ ಬಂದಾಗ ನನ್ನ ದನಿ ಇಳಿಯಿತು.

“ಹಾಗಂದ್ರೆ ಎಂತ?” ಎಂದರು ಅತ್ತೆ.

“ಮದ್ಯಸಾರ ಅತ್ತೆ. ಸ್ವಲ್ಪವೇ.”

ಮಾವ ತಲೆಯಾಡಿಸಿದರು. “ಇದು ಆಗುವ ಮಾತಲ್ಲ ಇದಿನಬ್ಬಾ. ಬಾಯಿಗಿಟ್ಟರೆ ಎಂಜಲು. ಎಂಜಲಾದರೆ ಮತ್ತೆ ಸ್ನಾನ. ಮೂರು ಹೊತ್ತು ಪೂಜೆ ಮಾಡುವವ ನಾನು. ಅದರ ಮೇಲೆ ಮದ್ಯ ಬೇರೆ. ನಿನಗೂ ಅದು ಆಗದ ವಸ್ತುವೇ ಅಲ್ವಾ?”

“ನಮಗೂ ಹರಾಮೇ,” ಇದಿನಬ್ಬ ಬ್ಯಾರಿ ಸಣ್ಣಗೆ ನಕ್ಕರು. “ತಮ್ಮ ಅಲ್ಲಿ ಮಸೀದಿಯ ಮುಸ್ಲಿಯಾರರ ಹತ್ರ ಕೇಳಿಯೇ ತಂದದ್ದು. ಜೀವ ಉಳಿಸುವ ಮದ್ದಾದರೆ ತೊಂದರೆ ಇಲ್ಲ ಅಂದರಂತೆ.”

“ನಿಮ್ಮ ಮುಸ್ಲಿಯಾರರು ನನ್ನ ಗಣಪತಿಯ ಹತ್ರ ಕೇಳಲಿಲ್ಲವಲ್ಲ” ಎಂದು ಮಾವನೂ ನಕ್ಕರು. ನಗು ಕೆಮ್ಮಾಯಿತು.

ಇದಿನಬ್ಬ ಬ್ಯಾರಿ ಪೆಟ್ಟಿಗೆಯನ್ನು ತಿರುಗಿ ಒಯ್ಯಲಿಲ್ಲ. “ಇಲ್ಲೇ ಇರಲಿ ಭಟ್ರೇ. ನಮ್ಮ ಮನೆಯಲ್ಲಿದ್ದರೆ ಆಗಾಗ ಕಣ್ಣಿಗೆ ಬೀಳ್ತದೆ” ಎಂದು ಹೇಳಿ ಕೊಡೆ ಬಿಡಿಸಿ ಹೋದರು. ಅತ್ತೆ ಅದನ್ನು ನಡುಕೋಣೆಯ ಗೋಡೆಗೂಡಿನಲ್ಲಿಟ್ಟರು.

ಜಡಿಮಳೆಯ ಆಟಿ ತಿಂಗಳು ಬಂತು. ಕಡಲಿಗೆ ದೋಣಿ ಇಳಿಯುವುದಿಲ್ಲ, ಹಂಚಿನ ಕಾರ್ಖಾನೆಗಳ ಹೊಗೆ ಮೇಲೇರದೆ ಓಣಿಯಲ್ಲೇ ಸುತ್ತುತ್ತದೆ, ಒಗೆದ ಬಟ್ಟೆ ಒಲೆಯ ಮೇಲೆ ಕಟ್ಟಿದ ಹಗ್ಗದಲ್ಲೂ ಒಣಗುವುದಿಲ್ಲ. ಅಂಥ ಒಂದು ದಿನ ಮಧ್ಯಾಹ್ನದ ಪೂಜೆಗೆ ನಾನು ಹೂವಿನ ಬುಟ್ಟಿ ಹಿಡಿದು ಗುಡಿಗೆ ಹೋದೆ. ಮಳೆಯ ಇರಚಲು ಹೊಡೆಯುತ್ತದೆಂದು ಮಾವ ಬಾಗಿಲು ಅರ್ಧ ಮುಚ್ಚಿದ್ದರು. ಒಳಗೆ ಕರ್ಪೂರದ ಹೊಗೆ ದಟ್ಟವಾಗಿತ್ತು. ಮಂತ್ರ ಕೇಳಿಸಲಿಲ್ಲ. ಮಾವ ಗರ್ಭಗುಡಿಯ ಮೆಟ್ಟಿಲ ಮೇಲೆ ಕುಳಿತಿದ್ದರು. ಆರತಿ ತಟ್ಟೆ ಪಕ್ಕದಲ್ಲಿ ಓರೆಯಾಗಿ ಬಿದ್ದಿತ್ತು. ಅವರ ತುಟಿಯ ಬಣ್ಣ ನೇರಳೆ ಹಣ್ಣು ತಿಂದವರ ಹಾಗೆ. ಎಂದಿನ ಶಬ್ದವೂ ಇರಲಿಲ್ಲ. ಶಬ್ದವಿಲ್ಲದ್ದೇ ನನ್ನನ್ನು ಹೆದರಿಸಿತು.

“ಮಾವಾ” ಎಂದೆ. ಅವರು ನನ್ನನ್ನು ನೋಡಿದರು. ಮಾತಾಡಲಿಕ್ಕೆ ಅವರಲ್ಲಿ ಗಾಳಿ ಉಳಿದಿರಲಿಲ್ಲ.

ಮನೆಗೆ ಓಡಿದೆ. ಅತ್ತೆಗೆ ಕೂಗಿ ಹೇಳಿ, ಗೂಡಿನಿಂದ ಪೆಟ್ಟಿಗೆ ತೆಗೆದುಕೊಂಡು ಓಡುತ್ತ ಬಂದೆ. ನನ್ನ ಕೂಗು ಓಣಿಯಾಚೆಗೂ ಕೇಳಿರಬೇಕು, ಇದಿನಬ್ಬ ಬ್ಯಾರಿ ಕೊಡೆಯೂ ಇಲ್ಲದೆ ಗುಡಿಯ ಹೊರಬಾಗಿಲಿಗೆ ಬಂದು ನಿಂತಿದ್ದರು. ಮಡಿಯಲ್ಲಿದ್ದ ಮಾವನ ಭುಜ ಹಿಡಿದೆ. ಆ ಮನೆಗೆ ಬಂದ ಮೇಲೆ ನಾನು ಅವರನ್ನು ಮುಟ್ಟಿದ್ದು ಅದೇ ಮೊದಲು. “ಮಾವಾ, ಬಾಯಿ ತೆರೆಯಿರಿ” ಎಂದೆ. ಅವರು ಒಂದು ಕ್ಷಣ ದೇವರ ಕಡೆ ನೋಡಿದರು. ಆಮೇಲೆ ತೆರೆದರು.

ಒತ್ತಿದೆ. ಚುಸ್ಸೆಂದು ಮಂಜಿನಂಥದ್ದು ಬಂದು ನಾಲಿಗೆಗೆ ಹೊಡೆಯಿತು, ಅರ್ಧ ಹಾಗೆಯೇ ಹೊರಗೆ ತೇಲಿತು. ಏನೂ ಆಗಲಿಲ್ಲ. ಬಾಗಿಲಿನಿಂದ ಇದಿನಬ್ಬ ಬ್ಯಾರಿ ಮಳೆಯ ಸದ್ದಿನ ಮೇಲೆ ಕೂಗಿದರು: “ಅಮ್ಮಾ, ಅವರು ಎಳೆಯುವಾಗ ಒತ್ತಿ! ಎಳೆಯುವಾಗ!”

ಕಾಗದದಲ್ಲಿಯೂ ಹಾಗೇ ಇತ್ತು. ಅಂದು ನಾನು ಓದಿದ್ದನ್ನು ಅವರು ನೆನಪಿಟ್ಟಿದ್ದರು, ನಾನೇ ಗಡಿಬಿಡಿಯಲ್ಲಿ ಮರೆತಿದ್ದೆ. ಡಬ್ಬಿಯನ್ನು ಮತ್ತೆ ಅಲ್ಲಾಡಿಸಿದೆ. “ಮಾವಾ, ಇದ್ದದ್ದನ್ನು ಹೊರಗೆ ಬಿಡಿ. ಈಗ ಎಳೆಯಿರಿ. ನಿಧಾನ.” ಅವರ ಎದೆ ಏಳುವುದನ್ನೇ ನೋಡುತ್ತಿದ್ದು, ಎದ್ದ ಕೂಡಲೇ ಒತ್ತಿದೆ. ಈ ಸಲ ಮಂಜು ಹೊರಗೆ ಬರಲಿಲ್ಲ. “ಹಿಡಿದುಕೊಳ್ಳಿ, ಬಿಡಬೇಡಿ” ಎಂದೆ. ಅವರು ಹಿಡಿದುಕೊಂಡರು, ನಾನೂ ನನ್ನ ಉಸಿರು ಹಿಡಿದುಕೊಂಡೆ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ.

ಆಮೇಲೆ ಆದದ್ದನ್ನು ನಾನು ಇವತ್ತಿಗೂ ಕಣ್ಣೆದುರು ಕಾಣುತ್ತೇನೆ. ಕಿವಿಯ ಹತ್ತಿರ ಇದ್ದ ಅವರ ಹೆಗಲು ಮೆಲ್ಲಗೆ ಕೆಳಗಿಳಿಯಿತು. ಬೆಕ್ಕಿನ ಮರಿಗಳು ಮತ್ತೆ ಕೂಗತೊಡಗಿದವು; ಆ ಶಬ್ದ ಕೇಳಿ ನನಗೆ ಸಂತೋಷವಾಯಿತು, ಗಾಳಿ ಓಡಾಡುತ್ತಿದೆ ಎಂದು. ತುಟಿಗೆ ಬಣ್ಣ ಬಂತು. ಅತ್ತೆ ಕಂಬ ಹಿಡಿದುಕೊಂಡು ಅಳುತ್ತಿದ್ದರು. ಮಾವ ಎದೆಯ ಮೇಲೆ ಕೈಯಿಟ್ಟುಕೊಂಡು, “ಒಳಗೆ ಚೆಂಡೆ ಬಡಿದ ಹಾಗೆ ಆಗ್ತದೆ” ಎಂದರು. ನಂತರ, “ನೈವೇದ್ಯ ತಣ್ಣಗಾಯಿತು. ಇನ್ನೊಮ್ಮೆ ಬೇಯಿಸಬೇಕು” ಎಂದರು. ಹೊರಬಾಗಿಲಲ್ಲಿ ತೊಪ್ಪನೆ ತೊಯ್ದು ನಿಂತಿದ್ದ ಇದಿನಬ್ಬ ಬ್ಯಾರಿ ತಲೆಯ ಟೊಪ್ಪಿ ತೆಗೆದು ಹಿಂಡಿದರು. ಮುಖ ಒರೆಸಿಕೊಂಡು ಹೋದರು.

ಸಂಜೆ ಜೆಪ್ಪಿನ ಡಾಕ್ಟರು ಬಂದರು. ವಯಸ್ಸಾದವರು, ಎಲ್ಲರನ್ನೂ ಬೈದೇ ಮಾತಾಡಿಸುವವರು. ಪಂಪನ್ನು ದೀಪದ ಹತ್ತಿರ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. “ಇದರ ವಿಷಯ ಓದಿದ್ದೆ ಮಾರಾಯ್ರೇ, ಕೈಯಲ್ಲಿ ಹಿಡಿದದ್ದು ಇವತ್ತೇ” ಎಂದರು. ಎಂಜಲಿನ ಮಾತು ಬಂದಾಗ ಸಿಟ್ಟು ಬರುತ್ತದೆಂದುಕೊಂಡೆವು. ಬರಲಿಲ್ಲ.

“ತುಟಿಗೆ ತಾಗಿಸಲೇಬೇಕು ಅಂತ ಇಲ್ಲ ಭಟ್ರೇ. ಎರಡು ಬೆರಳಿನಷ್ಟು ದೂರ ಹಿಡೀರಿ. ಬಾಯಿ ದೊಡ್ಡದಾಗಿ ತೆರೀರಿ. ಉಸಿರು ಪೂರ್ತಿ ಬಿಟ್ಟು, ಎಳೆಯಲಿಕ್ಕೆ ಶುರು ಮಾಡುವಾಗ ಒತ್ತಿ, ಎಳೀತಾ ಹೋಗಿ. ಆಮೇಲೆ ಮನಸ್ಸಿನಲ್ಲಿ ಒಂದು ಸಣ್ಣ ಶ್ಲೋಕ ಹೇಳಿ ಮುಗಿಯುವವರೆಗೆ ಬಿಡಬಾರದು. ನಿಮಗೆ ಶ್ಲೋಕಕ್ಕೆ ಬರ ಇಲ್ಲವಲ್ಲ!”

ಮಾವ ಮದ್ದಿಲ್ಲದ ಬರಿಗೈಯಲ್ಲೇ ಅಭ್ಯಾಸ ಮಾಡಿದರು. ಮದ್ಯಸಾರದ ಬಗ್ಗೆ ಅವರೇ ಒಂದು ತೀರ್ಮಾನಕ್ಕೆ ಬಂದಿದ್ದರು. “ಮಧ್ಯಾಹ್ನ ನಾನು ಬಾಯಿ ತೆರೆದದ್ದು ಗಣಪತಿಯ ಎದುರೇ. ಬೇಡ ಅಂತಿದ್ದರೆ ಆಗಲೇ ಕರೆದುಕೊಳ್ತಿದ್ದ” ಎಂದರು.

ಹೊರಡುವಾಗ ಡಾಕ್ಟರು ಮೆಟ್ಟಿಲಿಳಿದವರು ಮತ್ತೆ ಹಿಂದೆ ಬಂದು ನನ್ನನ್ನೇ ಕುರಿತು ಹೇಳಿದರು: “ನೋಡಮ್ಮ, ಇದು ಮುಚ್ಚಿದ ಬಾಗಿಲು ತೆರೀತದೆ, ಅಷ್ಟೆ. ರೋಗ ತೆಗೀಲಿಕ್ಕಿಲ್ಲ. ಉಸಿರು ಕಟ್ಟಿದಾಗ ಮಾತ್ರ. ಒಂದು, ಹೆಚ್ಚೆಂದರೆ ಎರಡು. ಅಷ್ಟಕ್ಕೂ ತೆರೆಯದಿದ್ದರೆ, ತೆರೆದದ್ದು ಬೇಗನೆ ಮತ್ತೆ ಮುಚ್ಚಿದರೆ, ಇನ್ನೂ ಒತ್ತುತ್ತಾ ಕೂರಬಾರದು. ನನಗೆ ಹೇಳಿ ಕಳಿಸಬೇಕು. ಹೃದಯ ಕುದುರೆ ಹಾಗೆ ಓಡ್ತದೆ ಇದರಿಂದ, ಗೊತ್ತುಂಟಾ?”

ಗೊತ್ತುಂಟು ಎಂದೆ. ಆದರೆ ಸುಖದ ರುಚಿ ಹತ್ತಿದವರಿಗೆ ಹೇಳುವವರು ಯಾರು? ಅಷ್ಟು ವರ್ಷ ಒಂದೊಂದು ಉಸಿರಿಗೂ ಹೋರಾಡಿದ ಮನುಷ್ಯನ ಕೈಗೆ ಬೇಕೆಂದಾಗ ಉಸಿರು ಕೊಡುವ ವಸ್ತು ಸಿಕ್ಕಿತ್ತು. ಮೊದಮೊದಲು ಅಪರೂಪಕ್ಕೆ ತೆಗೆದುಕೊಂಡರು. ನಿಧಾನಕ್ಕೆ ಪೂಜೆಗೆ ಕೂರುವ ಮುಂಚೆ ಒಂದು, ಬಾವಿಕಟ್ಟೆಯಿಂದ ಬಂದ ಮೇಲೆ ಒಂದು, ಮೋಡ ಕಂಡರೆ ಒಂದು ಎಂದಾಯಿತು. ಇದಿನಬ್ಬ ಬ್ಯಾರಿಯ ತಮ್ಮ ಬಹರೈನಿನಿಂದ ಬರುವವರ ಕೈಯಲ್ಲಿ ಇನ್ನೊಂದು ಕಳಿಸಿದ್ದ. ಹಾಗಾಗಿ ಮುಗಿದೀತೆಂಬ ಹೆದರಿಕೆಯೂ ಇರಲಿಲ್ಲ. ಮಂತ್ರದ ದನಿ ಏರಿತು, ಮೊಕ್ತೇಸರರು ಉಡುಪಿಯ ಮಾತು ಎತ್ತುವುದನ್ನು ಬಿಟ್ಟರು, ಅತ್ತೆಯ ಮುಖ ಅರಳಿತು. ಇಂಥದ್ದರಲ್ಲಿ “ಮಾವಾ, ಸ್ವಲ್ಪ ಕಡಿಮೆ ಮಾಡಿ” ಎಂದು ಹೇಳಲಿಕ್ಕೆ ಆ ಮನೆಯ ಹೊಸ ಸೊಸೆಗೆ ನಾಲಿಗೆ ಏಳಲಿಲ್ಲ. ನಮ್ಮವರಲ್ಲಿ ಹೇಳಿದೆ. “ಅಪ್ಪನಿಗೆ ಗೊತ್ತಾಗ್ತದೆ ಬಿಡು” ಎಂದರು.

ಚೌತಿ ಬಂತು. ಗಣಪತಿ ಗುಡಿಗೆ ಅದಕ್ಕಿಂತ ದೊಡ್ಡ ದಿನ ಇಲ್ಲ. ಬೆಳಗಿನಿಂದ ಗಣಹೋಮ, ಮಳೆಯೆಂದು ಹೋಮಕುಂಡ ಇಟ್ಟದ್ದು ಮುಚ್ಚಿದ ಚಾವಡಿಯೊಳಗೆ. ತೆಂಗಿನಕಾಯಿ, ಅರಳು, ಬೆಲ್ಲ, ತುಪ್ಪ ಎಲ್ಲ ಬೆಂಕಿಗೆ ಬಿದ್ದು ಹೊಗೆ ಮಾಡಿನ ಹಂಚಿನವರೆಗೆ ತುಂಬಿತ್ತು. ನಿಂತವರೆಲ್ಲ ಕಣ್ಣು ಒರೆಸಿಕೊಳ್ಳುತ್ತಿದ್ದರು. ಮಾವ ನಡುನಡುವೆ ಶಲ್ಯದ ಮರೆಯಲ್ಲಿ ಪಂಪು ಒತ್ತುವುದು ನನಗೆ ಕಾಣುತ್ತಿತ್ತು. ಪೂರ್ಣಾಹುತಿ ಮುಗಿಸಿ, ಪ್ರಸಾದ ಹಂಚಿ, ಮನೆಯ ಜಗಲಿಗೆ ಬಂದು ಕುಳಿತವರು ಏಳಲಿಲ್ಲ. ಜನ ಊಟಕ್ಕೆ ಕುಳಿತಿದ್ದರು, ನಮ್ಮವರು ಬಡಿಸುತ್ತಿದ್ದರು. ನಾನು ನೀರು ಕೊಡಲು ಬಂದಾಗ ಮಾವ ಪಂಪು ಒತ್ತುತ್ತಿದ್ದರು. ಉಸಿರು ಬಿಡದೆ, ಎಳೆಯದೆ, ಬರೇ ಒತ್ತುವುದು. ಕೈ ಥರಥರ ನಡುಗುತ್ತಿತ್ತು. ಕುತ್ತಿಗೆಯ ನರ ಎಷ್ಟು ವೇಗವಾಗಿ ಕುಣಿಯುತ್ತಿತ್ತೆಂದರೆ ನೋಡಲಿಕ್ಕಾಗುತ್ತಿರಲಿಲ್ಲ.

“ಸಾಕು ಮಾವಾ.”

ಅವರು ತಲೆಯಲ್ಲಾಡಿಸಿ ಮತ್ತೆ ಒತ್ತಿದರು.

ನಾನು ಬಗ್ಗಿ ಅವರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಪಂಪನ್ನು ಕಿತ್ತುಕೊಂಡೆ. ಅವರು ನನ್ನನ್ನು ನೋಡಿದ ನೋಟದಲ್ಲಿ ಸಿಟ್ಟಿತ್ತು, ಬೇಡಿಕೆಯೂ ಇತ್ತು. ಬಾಗಿಲಲ್ಲಿ ನಿಂತ ಅತ್ತೆ, “ಕೊಡು ಅವರಿಗೆ! ಎಂತ ಮಾಡ್ತಿ ನೀನು?” ಎಂದು ಚೀರಿದರು.

“ಇದರಿಂದ ಆಗುವುದಿಲ್ಲ ಅತ್ತೆ. ಆಸ್ಪತ್ರೆಗೆ ಒಯ್ಯಬೇಕು, ಈಗಲೇ” ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಅಂಗಳಕ್ಕಿಳಿದು, “ಬ್ಯಾರಿಗಳೇ!” ಎಂದು ಕೂಗಿದೆ.

ಇದಿನಬ್ಬ ಬ್ಯಾರಿ ಒಮ್ಮೆ ಮಾವನನ್ನು ನೋಡಿ ದೊಡ್ಡ ರಸ್ತೆಗೆ ಓಡಿದರು. ಹಂಚು ಹೇರಿಕೊಂಡು ಹೋಗುತ್ತಿದ್ದ ಒಂದು ಲಾರಿಗೆ ಅಡ್ಡ ನಿಂತು ಓಣಿಯ ಬಾಯಿಗೆ ತಂದರು. ಅವರೂ ನಮ್ಮವರೂ ಸೇರಿ ಮಾವನನ್ನು ಎತ್ತಿ ಡ್ರೈವರನ ಪಕ್ಕ ಕೂರಿಸಿದರು. ನಾನು ಅವರನ್ನು ಆತುಕೊಂಡು ಕುಳಿತೆ. ಗಂಡಸರಿಬ್ಬರೂ ಹಿಂದೆ ಹಂಚಿನ ಮೇಲೆ. ಹೋಮದ ಬೂದಿ ಮೆತ್ತಿದ ಮಡಿಯಲ್ಲಿ, ಹಣೆಯ ಗಂಧ ಬೆವರಿಗೆ ಕರಗಿ ಮೂಗಿಗಿಳಿಯುತ್ತಿದ್ದ ಮಾವನನ್ನು ತಬ್ಬಿಕೊಂಡು ದಾರಿಯುದ್ದಕ್ಕೂ ನಾನು ಹೇಳಿದ್ದು ಒಂದೇ ಮಾತು: “ಬಿಡಿ ಮಾವಾ. ನಿಧಾನ ಬಿಡಿ. ಆಮೇಲೆ ಎಳೆಯಿರಿ.”

ಆಸ್ಪತ್ರೆಯಲ್ಲಿ ಮೂಗಿಗೆ ಆಮ್ಲಜನಕ ಹಿಡಿದರು, ಕೈಗೆ ನಿಧಾನವಾಗಿ ಸೂಜಿಮದ್ದು ಕೊಟ್ಟರು. ಜೆಪ್ಪಿನ ಡಾಕ್ಟರೂ ಸುದ್ದಿ ಕೇಳಿ ಬಂದರು. ಸಂಜೆಯ ಹೊತ್ತಿಗೆ ಮಾವನ ಎದೆ ಸಡಿಲಾಯಿತು, ಕುತ್ತಿಗೆಯ ಕುಣಿತ ನಿಂತಿತು. ಆಮೇಲೆ ಡಾಕ್ಟರು ನನ್ನತ್ತ ತಿರುಗಿ, “ಕೈಯಿಂದ ಕಿತ್ತುಕೊಂಡದ್ದು ಯಾರು?” ಎಂದು ಕೇಳಿದರು. ಬೈಗಳಿಗೆ ತಯಾರಾಗಿ, “ನಾನು” ಎಂದೆ.

“ಒಳ್ಳೆ ಕೆಲಸ ಮಾಡಿದೆ. ಇನ್ನೂ ನಾಲ್ಕು ಸಲ ಒತ್ತಿದ್ದರೆ ಹೃದಯವೇ ನಿಲ್ತಿತ್ತೋ ಏನೋ.” ಅವರ ಮಾತು ಉತ್ಪ್ರೇಕ್ಷೆಯಲ್ಲ. ಆ ಕಾಲದ ಆ ಮದ್ದನ್ನು ಅತಿಯಾಗಿ ಬಳಸಿ ಹೊರದೇಶಗಳಲ್ಲಿ ಜನ ಸತ್ತದ್ದೂ ಉಂಟೆಂದು ಕೆಲವು ವರ್ಷಗಳ ಮೇಲೆ ಅವರೇ ಹೇಳಿದರು. ಬಸ್ಸಿನ ಹುಡುಗಿಯ ಕೈಯಲ್ಲಿದ್ದದ್ದು ಆ ಮದ್ದಲ್ಲ; ಅದಕ್ಕಿಂತ ಎಷ್ಟೋ ಸೌಮ್ಯವಾದದ್ದು.

ಡಾಕ್ಟರು ಮಂಚದ ತುದಿಯಲ್ಲಿ ಕುಳಿತು, ಉಬ್ಬಸ ಕೆರಳಿಸುವುದು ಏನೇನು ಎಂದು ವಿಚಾರಿಸತೊಡಗಿದರು. ಹೋಮದ ಹೊಗೆ ಎಂದೆ. ಕರ್ಪೂರ, ತಣ್ಣೀರ ಸ್ನಾನ.

“ಮನೆಯ ಸುತ್ತ ಎಂತ ಉಂಟು? ಧೂಳು?”

“ಎದುರು ಹಗ್ಗದ ಅಂಗಡಿ. ನಾರು ಕೊಡವುವಾಗ ಧೂಳು ನಮ್ಮ ಜಗಲಿಗೆ ಬರ್ತದೆ.”

“ಅದೇ ಮತ್ತೆ! ತೆಂಗಿನ ನಾರಿನ ಧೂಳು ಇಂಥವರಿಗೆ ವಿಷ.”

ಹೇಳಿ ಮುಗಿಸಿದ ಮೇಲೆ ನನಗೆ ನೆನಪಾಯಿತು, ಇದಿನಬ್ಬ ಬ್ಯಾರಿ ನನ್ನ ಹಿಂದೆಯೇ ನಿಂತಿದ್ದಾರೆಂದು. ತಿರುಗಿ ನೋಡಿದೆ. ಅವರ ಮುಖದಲ್ಲಿ ರಕ್ತವೇ ಇರಲಿಲ್ಲ. ಅವರ ಉಮ್ಮ ಆ ಅಂಗಡಿಯ ಹಿಂದಿನ ಕೋಣೆಯಲ್ಲೇ, ಪೇರಿಸಿಟ್ಟ ನಾರಿನ ಕಟ್ಟುಗಳ ಪಕ್ಕವೇ ಮಲಗುತ್ತಿದ್ದವರು. ಅವರು ಮೆಲ್ಲಗೆ ಹೊರಗೆ ಹೋಗಿ ಆಸ್ಪತ್ರೆಯ ಜಗಲಿಯ ಕಟ್ಟೆಯ ಮೇಲೆ ಕುಳಿತರು.

ಮಾವ ಮಲಗಿದಲ್ಲಿಂದಲೇ ಎಲ್ಲ ನೋಡಿದ್ದರು. “ಅವನನ್ನು ಕರಿ” ಎಂದರು ನನ್ನಲ್ಲಿ. ಕರೆದೆ. ಇದಿನಬ್ಬ ಬ್ಯಾರಿ ಬಂದು ಮಂಚದ ಬಳಿ ತಲೆ ತಗ್ಗಿಸಿ ನಿಂತರು.

“ನನಗೆ ಗೊತ್ತಿರಲಿಲ್ಲ ಭಟ್ರೇ,” ಎಂದರು. “ಉಮ್ಮ ಕೆಮ್ಮುವಾಗ ಮಳೆಗೆ ಕೆಮ್ಮುವುದು ಅಂತ ನಾನು ಬಾಗಿಲು ಹಾಕ್ತಿದ್ದೆ. ಗಾಳಿ ತಾಗಬಾರದು ಅಂತ. ಬಾಗಿಲು ಹಾಕ್ತಿದ್ದೆ.”

ಮಾವ ಸ್ವಲ್ಪ ಹೊತ್ತು ಉಸಿರು ಕೂಡಿಸಿಕೊಂಡರು. ಆಮೇಲೆ ಒಂದೊಂದೇ ಮಾತನ್ನು ಬಿಡಿಸಿ ಬಿಡಿಸಿ ಹೇಳಿದರು: “ಐವತ್ತು ವರ್ಷದಿಂದ ನನ್ನ ಮೂಗಿಗೆ ಹೊಗೆ ಹಾಕಿದವ ನಾನೇ. ಯಾರಿಗೆ ಗೊತ್ತಿತ್ತು? ನಿನ್ನ ಅಪ್ಪ ಹೋದ ಮೇಲೆ ನಿಮ್ಮನ್ನು ಸಾಕಿದ್ದು ಆ ಹಗ್ಗವೇ. ನಿನ್ನ ಉಮ್ಮನೇ ನಾರು ಹೊಸೆದು ನಿಮಗೆ ಗಂಜಿ ಹಾಕಿದ್ದು ನಾನು ನೋಡಿದ್ದೇನೆ. ಧೂಳು ನಿನ್ನದು ಅಂತ ಅವಳು ಹೇಳ್ತಿದ್ದಳಾ? ಹೇಳ್ತಿರಲಿಲ್ಲ. ನೀನೂ ಹೇಳಬೇಡ.”

ಇದಿನಬ್ಬ ಬ್ಯಾರಿ ಮಂಚದ ಕಬ್ಬಿಣದ ಸರಳು ಹಿಡಿದುಕೊಂಡು ಅತ್ತರು. ದೊಡ್ಡ ಗಂಡಸು ಹಾಗೆ ಅಳುವುದನ್ನು ನಾನು ಅದುವರೆಗೆ ನೋಡಿರಲಿಲ್ಲ. ಡಾಕ್ಟರು ಕನ್ನಡಕ ತೆಗೆದು ಸುಮ್ಮನೆ ಒರೆಸುತ್ತ ಕುಳಿತರು. ಅತ್ತು ಮುಗಿಸಿದ ಮೇಲೆ ಬ್ಯಾರಿಗಳ ಮುಖ ಹಗುರಾಗಿತ್ತು. ತಾಯಿ ಹೋದಂದಿನಿಂದ ಅವರು ಅತ್ತೇ ಇರಲಿಲ್ಲವೆಂದು ಆಮೇಲೆ ಅವರ ಹೆಂಡತಿ ನನ್ನಲ್ಲಿ ಹೇಳಿದರು.

ಮಾವ ಮನೆಗೆ ಬರುವಷ್ಟರಲ್ಲಿ ಎದುರಿನ ಅಂಗಡಿ ಖಾಲಿಯಾಗಿತ್ತು. ಇದಿನಬ್ಬ ಬ್ಯಾರಿ ನಾರಿನ ದಾಸ್ತಾನನ್ನೆಲ್ಲ ದೋಣಿಗಳು ನಿಲ್ಲುವ ಧಕ್ಕೆಯ ಹತ್ತಿರ ಬಾಡಿಗೆಗೆ ಹಿಡಿದ ಕೊಟ್ಟಿಗೆಗೆ ಸಾಗಿಸಿದ್ದರು. ಬೆಂಗ್ರೆಯಿಂದ ದೋಣಿಯಲ್ಲಿ ಬರುವವರಿಗೆ ಅದೇ ಹತ್ತಿರವಾಗಿ ವ್ಯಾಪಾರ ಹೆಚ್ಚಾಯಿತೆಂದು ಅವರೇ ಹೇಳುತ್ತಿದ್ದರು. ಮೊಕ್ತೇಸರರನ್ನು ಡಾಕ್ಟರೇ ಕರೆ ಕಳಿಸಿ ಬೈದರಂತೆ. ಹೋಮಕುಂಡವನ್ನು ತೆರೆದ ಅಂಗಳಕ್ಕೆ ತಂದು ಮೇಲೊಂದು ಎತ್ತರದ ಮಾಡು ಹಾಕಿಸಿದರು. ನಿತ್ಯದ ಆರತಿಗೆ ಕರ್ಪೂರ ಹೋಗಿ ತುಪ್ಪದ ಬತ್ತಿ ಬಂತು. ಅತ್ತೆ ಸ್ನಾನಕ್ಕೆ ಬಿಸಿನೀರು ಕಾಯಿಸಿಟ್ಟರು, “ಬಿಸಿನೀರಿಗೆ ಮಡಿ ಇಲ್ಲವಾ?” ಎಂದು ಕೇಳಿ ಮಾವನ ಬಾಯಿ ಮುಚ್ಚಿಸಿದರು. ದಿನಾ ತೆಗೆದುಕೊಳ್ಳಲು ಡಾಕ್ಟರು ಬೇರೆ ಮಾತ್ರೆ ಕೊಟ್ಟರು. ಪಂಪು ಒಂದು ಬಟ್ಟೆಯ ಚೀಲದಲ್ಲಿ ಬಾಗಿಲ ಪಕ್ಕದ ಗೂಟಕ್ಕೆ, ಎಲ್ಲರ ಕೈಗೆ ಸಿಗುವ ಹಾಗೆ, ತೂಗಿತು. ಬೇಕಾದಾಗ ಮಾವ ತೆಗೆದುಕೊಳ್ಳುತ್ತಿದ್ದರು. ತೆಗೆದುಕೊಂಡರೆ “ಸುಮತೀ, ಒಂದು ಆಯ್ತು” ಎಂದು ಕೂಗಿ ಹೇಳುತ್ತಿದ್ದರು. ಕೆಲವು ವಾರ ಆ ಕೂಗೇ ಇರುತ್ತಿರಲಿಲ್ಲ. ನಾನು ಕಿತ್ತುಕೊಂಡದ್ದರ ಬಗ್ಗೆ ಅವರು ಯಾವತ್ತೂ ಒಂದು ಮಾತು ಆಡಲಿಲ್ಲ. ಆದರೆ ಊಟಕ್ಕೆ ಕೂರುವ ಮುಂಚೆ, “ಮಗಾ, ನಿನ್ನದು ಊಟ ಆಯ್ತಾ?” ಎಂದು ಕೇಳುವ ಅಭ್ಯಾಸ ಆಗಿನಿಂದ ಶುರುವಾದದ್ದು.

ಮಳೆ ಹಿಂದೆ ಸರಿದು ದೀಪಾವಳಿ ಹತ್ತಿರವಾದ ಒಂದು ಬೆಳಿಗ್ಗೆ ನಾನು ಎಚ್ಚರಗೊಂಡಾಗ ಬಿಸಿಲು ಕಿಟಕಿಯೊಳಗೆ ಬಂದು ಹಾಸಿಗೆಯ ಮೇಲೆ ಬಿದ್ದಿತ್ತು. ಗಾಬರಿಯಿಂದ ಎದ್ದು ಬಂದೆ. ಮನೆ ಸದ್ದಿಲ್ಲದೆ ಇತ್ತು. ಒಲೆ ಹಚ್ಚಿರಲಿಲ್ಲ. ಅತ್ತೆ ನಡುಕೋಣೆಯ ಹೊಸಿಲಲ್ಲಿ ನಿಂತಿದ್ದರು, ಬಾಯಿಗೆ ಸೆರಗು ಒತ್ತಿಕೊಂಡು. ನನ್ನನ್ನು ಕಂಡು ಬೆರಳನ್ನು ತುಟಿಯ ಮೇಲಿಟ್ಟು, ಒಳಗೆ ನೋಡು ಎಂದು ಸನ್ನೆ ಮಾಡಿದರು.

ಮಾವ ಮಲಗಿದ್ದರು. ಚಾಪೆಯ ಮೇಲೆ, ಅಂಗಾತ, ಕೈಕಾಲು ಚಾಚಿಕೊಂಡು. ಮೊದಲ ಮಳೆ ಬಿದ್ದಂದಿನಿಂದ ನಾನು ಅವರನ್ನು ನೋಡಿದ್ದು ಗೋಡೆಗೆ ದಿಂಬು ಒರಗಿಸಿ ಕೂತು ತೂಕಡಿಸುವುದನ್ನು ಮಾತ್ರ. ಅವರ ಕೆಮ್ಮಿಗೇ ಇಡೀ ಮನೆ ನಸುಕಿಗೆ ಏಳುತ್ತಿತ್ತು. ಅಂದು ಕೆಮ್ಮಿರಲಿಲ್ಲ, ಯಾರೂ ಎದ್ದಿರಲಿಲ್ಲ. ಎದೆ ಸಮನಾಗಿ ಏಳುತ್ತಿತ್ತು, ಇಳಿಯುತ್ತಿತ್ತು. ಒಂದು ಸದ್ದೂ ಇಲ್ಲ.

ಹೊರಗೆ ಓಣಿಯಿಂದ ಇದಿನಬ್ಬ ಬ್ಯಾರಿಯ ದನಿ ಕೇಳಿತು. ಅಂಗಳಕ್ಕೆ ಬಂದು ಹೆದರಿದ ಮುಖದಲ್ಲಿ ನಿಂತಿದ್ದರು. “ಭಟ್ರದ್ದು ಶಬ್ದವೇ ಇಲ್ಲ! ಗುಡಿಯ ಬಾಗಿಲೂ ತೆರೀಲಿಲ್ಲ. ಎಂತಾಯಿತು ಅಮ್ಮಾ?”

ಅತ್ತೆ ಎಂದೂ ಅವರ ಎದುರಿಗೆ ಹೋಗಿ ಮಾತಾಡಿದವರಲ್ಲ. ಅಂದು ತಾವೇ ಜಗಲಿಗೆ ಬಂದರು.

“ಎಂತ ಆಗಲಿಲ್ಲ,” ಎಂದರು. “ಮಲಗಿದ್ದಾರೆ. ಮೆಲ್ಲ ಮಾತಾಡಿ.”